ಮಗಳು ಆರಿಸಿದ ನೆಲ

ಮೇಸ್ತ್ರಿ ಒಳ್ಳೆಯ ಕೆಲಸಗಾರ, ಒಳ್ಳೆಯ ಮನುಷ್ಯನಲ್ಲ. ಎರಡೂ ಒಂದೇ ಎಂದು ತಿಳಿಯುವವರು ಬಹಳ. ಅವನೂ ಹಾಗೇ ತಿಳಿದಿದ್ದ. ಮೂವತ್ತು ವರ್ಷ ಜನರ ಮನೆಗಳಿಗೆ ಲ್ಯಾಮಿನೇಟ್ ನೆಲ ಹಾಸಿದ. ಅಷ್ಟೂ ವರ್ಷ ತನ್ನ ಕೈಯೊಂದನ್ನು ಬಿಟ್ಟು ಬೇರೆ ಯಾರ ಕೈಯನ್ನೂ ನಂಬಲಿಲ್ಲ. ಇನ್ನೊಬ್ಬರು ಮಾಡಿದ ಕೆಲಸ ಚೆನ್ನಾಗಿದೆ ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬೀಳಲಿಲ್ಲ. ನೆಲದ ಮೇಲೆ ಗೆರೆ ಬಿದ್ದರೆ ತನ್ನ ಮುಖದ ಮೇಲೆ ಬಿದ್ದ ಹಾಗೆ ಆಡುತ್ತಿದ್ದ. ಎದುರಿಗಿದ್ದವರ ಮುಖ ಸಣ್ಣದಾದದ್ದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಲ್ಯಾಮಿನೇಟ್ ಎಂದರೆ ಮರವಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ. ಅದರ ಮೇಲೆ ಮರದ ಚಿತ್ರವಿರುವ ಕಾಗದ. ಕಾಗದದ ಮೇಲೆ ಗಾಜಿನಂಥ ಗಟ್ಟಿ ಪದರ. ಕಣ್ಣಿಗೆ ಮರವೇ. ಆದರೆ ಸಂದಿನಲ್ಲಿ ನೀರು ಹೊಕ್ಕರೆ ನೆನೆದ ಪುಸ್ತಕದಂತೆ ಅಂಚು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಮರವಾದರೆ ಉಜ್ಜಿ ಸಮ ಮಾಡಬಹುದು; ಇದನ್ನು ಉಜ್ಜಿದರೆ ಚಿತ್ರವೇ ಹೋಗುತ್ತದೆ. ಹಾಗಾಗಿ ಈ ನೆಲಕ್ಕೆ ಕಟ್ಟುಪಾಡು ಹೆಚ್ಚು, ಕಟ್ಟುಪಾಡಿನಲ್ಲಿ ಮೇಸ್ತ್ರಿಯದು ಎತ್ತಿದ ಕೈ.

ಹಲಗೆಗಳ ಪೆಟ್ಟಿಗೆಗಳನ್ನು ತಂದ ದಿನವೇ ಅವನು ಹಾಸುತ್ತಿರಲಿಲ್ಲ. ಹಾಸಬೇಕಾದ ಕೋಣೆಯಲ್ಲೇ ಅವು ಎರಡು ದಿನ ಅಡ್ಡ ಮಲಗಬೇಕು, ಆ ಕೋಣೆಯ ಗಾಳಿಗೆ ಒಗ್ಗಬೇಕು. ಹಾಸುವಾಗ ನಾಲ್ಕೂ ಗೋಡೆಯ ಬುಡದಲ್ಲಿ ಹತ್ತು ಮಿಲಿಮೀಟರ್ ಸಂದು ಬಿಡಬೇಕು. ಸೆಕೆಗೆ ತೇವಕ್ಕೆ ನೆಲ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ನಡುವೆ ಬೆನ್ನು ಎತ್ತುತ್ತದೆ. ಆ ಸಂದು ಸರಿಯಾಗಿ ಉಳಿಯಲೆಂದು ಗೋಡೆಗೂ ಹಲಗೆಗೂ ನಡುವೆ ಮರದ ಬೆಣೆಗಳನ್ನು ತುರುಕಿ, ಕೆಲಸ ಮುಗಿದ ಮೇಲೆ ಒಂದೊಂದನ್ನೂ ಎಣಿಸಿ ತೆಗೆದು, ಆಮೇಲೆ ಗೋಡೆಯ ಬುಡಕ್ಕೆ ಮರದ ಪಟ್ಟಿ ಹೊಡೆದು ಸಂದನ್ನು ಮುಚ್ಚಬೇಕು. ಒಂದು ಬೆಣೆ ಒಳಗೇ ಉಳಿದರೆ ಸಂದು ಬಿಟ್ಟೂ ಬಿಡದ ಹಾಗೆ. ಮೇಸ್ತ್ರಿಯ ಬಳಿ ಇಪ್ಪತ್ನಾಲ್ಕು ಬೆಣೆಗಳಿದ್ದವು. ಎಲ್ಲವನ್ನೂ ಅವನೇ ಗಟ್ಟಿಮರದಲ್ಲಿ ಕೆತ್ತಿದ್ದ.

ಕೆಲಸ ಮುಗಿಸಿ ಹೊರಡುವಾಗ ಮನೆಯವರಿಗೆ ಪಾಠ ಶುರುವಾಗುತ್ತಿತ್ತು.

"ಬಕೆಟ್ ಹಿಡ್ಕೊಂಡು ಬಂದ್ರೋ, ನೆಲ ಮುಗೀತು ಅಂತ ತಿಳ್ಕೊಳ್ಳಿ. ಮೊದಲು ಒಣ ಪೊರಕೆ. ಆಮೇಲೆ ಬಟ್ಟೆ ಒದ್ದೆ ಮಾಡಿ ಹಿಂಡಿ. ಇನ್ನೂ ಹಿಂಡಿ. ಕೈ ನೋಯೋವರೆಗೂ ಹಿಂಡಿ. ಸೋಪು ಬೇಡ, ಮೇಣ ಬೇಡ. ಹನಿ ಬಿದ್ರೆ ಆಗಲೇ ಒರೆಸಿ. ಕುರ್ಚಿ ಎತ್ತಿ ಇಡಿ, ಎಳೀಬೇಡಿ."

"ಇಷ್ಟೆಲ್ಲ ಆದ್ಮೇಲೆ ಇದರ ಮೇಲೆ ನಡೀಬಹುದಾ ಮೇಸ್ತ್ರಿ?" ಎಂದು ಒಬ್ಬಾಕೆ ಕೇಳಿದ್ದಳು.

"ನಡೀಬಹುದು," ಅಂದಿದ್ದ ಅವನು, ನಗದೆ. "ಚಪ್ಪಲಿ ಬಿಚ್ಚಿ."

ಅವನಿಗೆ ಒಬ್ಬಳೇ ಮಗಳು. ಎಂಟು ವರ್ಷದವಳಿದ್ದಾಗ ರಜೆಯ ದಿನ ಅವಳನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ. ಪ್ರೀತಿಯಿಂದ ಎಂದು ಹೇಳುವಂತಿಲ್ಲ. ಹೆಂಡತಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಮಗುವನ್ನು ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ. ಅಳತೆಪಟ್ಟಿಯ ತುದಿ ಹಿಡಿದುಕೊಳ್ಳುವುದು, ಮೇಜು ಕುರ್ಚಿಗಳ ಕಾಲಿಗೆ ಅಂಟಿಸುವ ಉಣ್ಣೆಬಟ್ಟೆಯ ಬಿಲ್ಲೆ ಕತ್ತರಿಸುವುದು ಅವಳ ಪಾಲಿನ ಕೆಲಸ.

"ಕಾಲಿನಷ್ಟೇ ಅಗಲ ಕತ್ತರಿಸಬೇಡ. ಒಂದು ಕೂದಲೆಳೆ ಒಳಗೆ ಕತ್ತರಿಸು," ಎನ್ನುತ್ತಿದ್ದ. "ಅಂಚು ಹೊರಗೆ ಇಣುಕಿದ್ರೆ ಧೂಳು ಹಿಡಿದು ಎದ್ದು ಬರುತ್ತೆ. ತಗೋ, ಮತ್ತೆ ಕತ್ತರಿಸು."

ಅವಳು ಮತ್ತೆ ಕತ್ತರಿಸುತ್ತಿದ್ದಳು. ಎರಡನೆಯ ಸಲ ಸರಿಯಾದರೆ ಅವನು ಏನೂ ಹೇಳುತ್ತಿರಲಿಲ್ಲ. ಏನೂ ಹೇಳದಿದ್ದರೆ ಅದೇ ಶಾಬಾಸ್ ಎಂದು ಮಗು ತಾನಾಗಿಯೇ ಅರ್ಥ ಮಾಡಿಕೊಂಡಿತ್ತು.

ಒಂದು ದಿನ ಅವಳು ಅಮ್ಮನ ಉಗುರಿನ ಬಣ್ಣ ತೆಗೆದುಕೊಂಡು ಇಪ್ಪತ್ನಾಲ್ಕು ಬೆಣೆಗಳ ತಲೆಗೂ ಕೆಂಪು ಹಚ್ಚಿಟ್ಟಳು. "ಕೆಂಪು ಕಂಡ್ರೆ ಇನ್ನೂ ತೆಗೆದಿಲ್ಲ ಅಂತ ಅಪ್ಪ. ಮರೆಯೋದೇ ಇಲ್ಲ."

ಬಾಟಲಿ ಬರಿದಾದದ್ದು ನೋಡಿ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಚೆನ್ನಾಗಿದೆ ರೀ. ಈ ಮನೇಲಿ ನನಗಿಂತ ನಿಮ್ಮ ಬೆಣೆಗಳಿಗೇ ಸಿಂಗಾರ ಜಾಸ್ತಿ."

ಮೇಸ್ತ್ರಿ ಏನೂ ಹೇಳಲಿಲ್ಲ. ಬೆಣೆಗಳ ಬಣ್ಣ ಸವೆದಾಗಲೆಲ್ಲ ಮಗಳು ಮತ್ತೆ ಹಚ್ಚುತ್ತಿದ್ದಳು. ದೊಡ್ಡವಳಾಗಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಹೋದ ಮೇಲೂ ಮನೆಗೆ ಬಂದಾಗ ಚೀಲ ಬಿಚ್ಚಿ ಹಚ್ಚಿ ಹೋಗುತ್ತಿದ್ದಳು.

ಅವಳೂ ಅವಳ ಗಂಡನೂ ಮೂರನೇ ಮಹಡಿಯಲ್ಲಿ ಒಂದು ಸಣ್ಣ ಮನೆ ಮಾಡಿದರು. ನೆಲ ಅಪ್ಪನೇ ಹಾಸಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಮಗಳು, ಅಪ್ಪ ಇಬ್ಬರೂ ಅಂಗಡಿಗೆ ಹೋದರು.

ಅಂಗಡಿಯಲ್ಲಿ ಮೇಸ್ತ್ರಿಗೆ ರಾಜಮರ್ಯಾದೆ. ಮಾದರಿ ಹಲಗೆಗಳನ್ನು ಅವನು ಒಂದೊಂದಾಗಿ ತೆಗೆದು ದಪ್ಪ ಅಳೆದ, ಬೀಗದ ಕೈಯಿಂದ ಕೆರೆದ, ಕೂಡುವ ತುದಿಗಳನ್ನು ಹೊಂದಿಸಿ ಹೆಬ್ಬೆರಳಾಡಿಸಿದ. ಕೊನೆಗೆ ಹನ್ನೆರಡು ಮಿಲಿಮೀಟರಿನ, ಕಡು ಕಂದು ಬಣ್ಣದ ಹಲಗೆಯನ್ನು ಎತ್ತಿ ಬದಿಗಿಟ್ಟ. "ಇದು. ಇಪ್ಪತ್ತು ವರ್ಷಕ್ಕೆ ಚಿಂತೆ ಇಲ್ಲ."

ಮಗಳು ಆಗಲೇ ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಎಂಟು ಮಿಲಿಮೀಟರಿನದು, ತೆಳು ಬಣ್ಣದ್ದು. ಸಿಪ್ಪೆ ಸುಲಿದ ಕಡ್ಡಿಯಂತೆ ಬೆಳ್ಳಗಿತ್ತು.

"ಬಿಳಿ ನೆಲನಾ?" ಅಂದ ಮೇಸ್ತ್ರಿ. "ಮನೆ ಮಾಡ್ತಿದೀಯೋ, ಆಸ್ಪತ್ರೆ ಕಟ್ತಿದೀಯೋ? ಒಂದು ಕೂದಲು ಬಿದ್ರೆ ಹಾವಿನ ಹಾಗೆ ಕಾಣುತ್ತೆ."

"ನಮ್ಮ ಮನೆಗೆ ಬೆಳಕು ಕಮ್ಮಿ ಅಪ್ಪ. ಎದುರಿಗೆ ಇನ್ನೊಂದು ಕಟ್ಟಡ. ಈ ಮಾದರೀನ ಹೋದ ವಾರವೇ ಕೇಳಿ ತಗೊಂಡು ಹೋಗಿ ಕೋಣೇಲಿ ಇಟ್ಟು ನೋಡಿದೀನಿ. ಬೆಳಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ದೀಪ ಹಾಕಿ ನೋಡಿದೆ. ನೀವೇ ತಾನೆ ಹೇಳೋದು, ಅಂಗಡಿ ಬೆಳಕಲ್ಲಿ ನಿಲ್ಲಿಸಿ ನೋಡಬೇಡಿ, ಮನೇಲಿ ಮಲಗಿಸಿ ನೋಡಿ ಅಂತ."

ಅದು ಅವನದೇ ಮಾತು. ಅದೇ ಅವನಿಗೆ ಚುಚ್ಚಿತು. ಅಂಗಡಿಯವನು ಬೇರೆ ಪಕ್ಕದಲ್ಲಿ ನಿಂತು ಮೀಸೆಯಲ್ಲೇ ನಗುತ್ತಿದ್ದ.

"ನನಗೆ ಪಾಠ ಹೇಳೋಕೆ ಬಂದ್ಯಾ? ತೆಳು ಹಲಗೆ, ಬಿಳಿ ಬಣ್ಣ. ಮೂರು ವರ್ಷಕ್ಕೆ ಎದ್ದು ಕೂತ್ಕೊಳ್ಳುತ್ತೆ."

"ಸರಿಯಾಗಿ ಹಾಕಿದ್ರೆ ಏಳಲ್ಲ. ನೀವು ಹಾಕ್ತೀರಲ್ಲ."

"ನಾನು ಆರಿಸದ ನೆಲಕ್ಕೆ ನಾನು ಕೈ ಹಚ್ಚಲ್ಲ."

ಮಗಳು ಹಲಗೆಯನ್ನು ಕೆಳಗಿಡಲಿಲ್ಲ. ಹಟದಲ್ಲಿ ಅವಳು ಅಪ್ಪನ ಮಗಳೇ. "ಹಾಗಾದ್ರೆ ಬೇರೆಯವರ ಕೈಲಿ ಹಾಕಿಸ್ತೀನಿ."

"ಹಾಕಿಸು," ಅಂದ ಅವನು, ಕಡ್ಡಿ ಮುರಿದ ಹಾಗೆ. "ಆ ನೆಲದ ಮೇಲೆ ನಾನು ಕಾಲಿಡಲ್ಲ. ಬರೆದಿಟ್ಕೋ."

ಅಂಗಡಿಯಲ್ಲಿ ನಾಲ್ಕು ಜನ ಕೇಳಿಸಿಕೊಂಡರು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವನಿಗೆ ಇರಲಿಲ್ಲ. ಒಬ್ಬರ ಮುಂದೆ ಆಡಿದ್ದನ್ನೂ ತೆಗೆದುಕೊಂಡವನಲ್ಲ.

ಅದಾದ ವಾರದಲ್ಲೇ ಚೀಲದ ಬೆಣೆ ಎಣಿಸಿದಾಗ ಇಪ್ಪತ್ಮೂರು ಬಂತು. ಮನೆಯೆಲ್ಲ ಹುಡುಕಿಸಿದ. "ನೀನೇ ಗುಡಿಸಿ ಬಿಸಾಕಿರ್ತೀಯ," ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ನಿಮ್ಮ ಬೆಣೇನ ನಾನೇನು ಹುರಿದು ತಿಂದೆನಾ?" ಅಂದಳು ಅವಳು.

ಅವನು ಹೊಸದೊಂದನ್ನು ಕೆತ್ತಿಕೊಂಡ. ಅದಕ್ಕೆ ಕೆಂಪು ಹಚ್ಚುವವರು ಇರಲಿಲ್ಲ.

ನಾಲ್ಕು ವರ್ಷ ಹಾಗೇ ನಡೆಯಿತು. ಮಗಳು ತಿಂಗಳಿಗೊಮ್ಮೆ ತವರಿಗೆ ಬರುತ್ತಿದ್ದಳು, ನಗುತ್ತಿದ್ದಳು, ಉಂಡು ಹೋಗುತ್ತಿದ್ದಳು. ನೆಲದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ, ಬೆಣೆಯ ಚೀಲವನ್ನು ಅವಳು ಬಿಚ್ಚುತ್ತಿರಲಿಲ್ಲ. ತಾಯಿ ಮಗಳ ಮನೆಗೆ ಹೋದಾಗ ಮೇಸ್ತ್ರಿ ಕಟ್ಟಡದ ಬಾಗಿಲವರೆಗೆ ಬಂದು, ಎದುರು ಬದಿಯ ಅಂಗಡಿಯ ಮುಂದೆ ನಿಂತು ಕಾಯುತ್ತಿದ್ದ.

"ನೆಲ ಹೇಗಿದೆ?" ಎಂದು ವಾಪಸು ಬರುವಾಗ ಒಮ್ಮೆ ಕೇಳಿದ್ದ.

"ಚೆನ್ನಾಗಿದೆ."

"ಎದ್ದಿರಬೇಕಲ್ಲ."

"ಎದ್ದಿಲ್ಲ. ಏಳಲಿ ಅಂತ ಕಾಯ್ತಿದೀರಾ?"

ಕಾಯುತ್ತಿದ್ದ.

ಐದನೇ ವರ್ಷ ಮಗಳಿಗೆ ಕಾಯಿಲೆ ಬಂತು. ಹನ್ನೊಂದು ತಿಂಗಳು ಆಸ್ಪತ್ರೆ. ಅಲ್ಲಿಗೆ ಮೇಸ್ತ್ರಿ ಒಂದು ದಿನವೂ ತಪ್ಪಿಸಲಿಲ್ಲ. ಆಸ್ಪತ್ರೆಯ ನೆಲ ಕಲ್ಲಿನದು, ಅದರ ಬಗ್ಗೆ ಅವನದೇನೂ ತಕರಾರಿರಲಿಲ್ಲ. ಮಂಚದ ಪಕ್ಕ ಕೂತು ಹಣ್ಣು ಸುಲಿದು ಕೊಡುತ್ತಿದ್ದ. ಅವಳು ಎರಡು ತೊಳೆ ತಿಂದು ಉಳಿದದ್ದನ್ನು ಅವನಿಗೇ ತಿನ್ನಿಸುತ್ತಿದ್ದಳು. ಕೊನೆಗೆ ವೈದ್ಯರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಆಯಿತು.

ಮಗಳ ಮನೆಗೆ ಮೇಸ್ತ್ರಿ ಮೆಟ್ಟಿಲು ಹತ್ತಿದ್ದು ಆಗಲೇ ಮೊದಲು. ಮೂರನೇ ಮಹಡಿಯವರೆಗೆ ಬಂದ. ಬಾಗಿಲು ತೆರೆದಿತ್ತು. ಬಾಗಿಲಿಗೆ ನೇರವಾಗಿ ಕೋಣೆ, ಕೋಣೆಯಲ್ಲಿ ಮಂಚ, ಮಂಚದ ಮೇಲೆ ಮಗಳು. ನಡುವೆ ಏಳೆಂಟು ಹೆಜ್ಜೆ ಬಿಳಿ ನೆಲ. ಅವನು ಹೊಸ್ತಿಲಲ್ಲಿ ನಿಂತ. ಅಳಿಯ ಒಂದು ಕಬ್ಬಿಣದ ಕುರ್ಚಿ ತಂದು ಹೊರಗೆ ಮೆಟ್ಟಿಲ ಬದಿಯಲ್ಲಿ ಹಾಕಿದ. ಮೇಸ್ತ್ರಿ ಅದರ ಮೇಲೆ ಕೂತ.

ಹತ್ತೊಂಬತ್ತು ದಿನ ಹಾಗೇ ಕೂತ. ಬೆಳಗ್ಗೆ ಬಂದು ಕೂತರೆ ಮಧ್ಯಾಹ್ನ ಇಳಿದು ಹೋಗುತ್ತಿದ್ದ. ಮೇಲಿನ ಮನೆಯವರು ಸಾಮಾನು ಹಿಡಿದುಕೊಂಡು ಅವನ ಮೊಣಕಾಲು ದಾಟಿ ಹತ್ತುತ್ತಿದ್ದರು. ಅಪ್ಪ ಮಗಳು ತೆರೆದ ಬಾಗಿಲಿನ ಮೂಲಕ ಮಾತಾಡುತ್ತಿದ್ದರು. ಅವಳ ದನಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಅವನು ಕುರ್ಚಿಯಲ್ಲೇ ಮುಂದಕ್ಕೆ ಬಾಗುತ್ತಿದ್ದ.

ಹೆಂಡತಿ ಒಂದು ದಿನ ಹೊರಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು, "ನಿಮಗೆ ಕೈ ಮುಗೀತೀನಿ ರೀ, ಒಳಗೆ ಬನ್ನಿ," ಅಂದಳು. ಅವನು ಗೋಡೆ ನೋಡಿದ. ಐದು ವರ್ಷ ಹೊತ್ತ ಮಾತನ್ನು ಇಳಿಸಲು ಅವನಿಗೊಂದು ಕಾರಣ ಬೇಕಿತ್ತು. ನಿಮ್ಮ ಮಾತು ಕೇಳಬೇಕಿತ್ತು ಅಪ್ಪ ಎಂದು ಅವಳೊಮ್ಮೆ ಅಂದಿದ್ದರೆ ಸಾಕಿತ್ತು. ಅವಳು ಅನ್ನಲಿಲ್ಲ, ಯಾಕೆಂದರೆ ಅದು ನಿಜವಾಗಿರಲಿಲ್ಲ.

ಹತ್ತೊಂಬತ್ತನೆಯ ದಿನ ಅವಳೇ ಕರೆದಳು.

"ಬನ್ನಿ ಅಪ್ಪ. ಚಪ್ಪಲಿ ಬಿಚ್ಚಿದ್ರೆ ಸಾಕು. ನೆಲಕ್ಕೇನೂ ಆಗಲ್ಲ."

ಅದರಲ್ಲಿ ನಗು ಇತ್ತು. ಅವನಿಗೆ ನಗು ಕೇಳಿಸಲಿಲ್ಲ, ಹಂಗಿಸುತ್ತಿದ್ದಾಳೆ ಅನ್ನಿಸಿತು.

"ನಾಳೆ ನೋಡೋಣ," ಅಂದ.

"ಅದು ಗಿರಾಕಿಗಳಿಗೆ ಹೇಳೋ ಮಾತಲ್ವಾ ಅಪ್ಪ," ಅಂದಳು ಮಗಳು.

ಮಾರನೆಯ ದಿನ ಬೆಳಗ್ಗೆ ಅವನು ಮೆಟ್ಟಿಲು ಹತ್ತುತ್ತಿದ್ದಾಗಲೇ ಹೆಂಡತಿಯ ಅಳು ಕೇಳಿಸಿತು. ಆಗ ಒಳಗೆ ಹೋದ. ಮೂವತ್ತನಾಲ್ಕು ವರ್ಷದ ಮಗಳು ಮಂಚದ ಮೇಲೆ ಸಣ್ಣ ಹುಡುಗಿಯ ಹಾಗೆ ಕಾಣುತ್ತಿದ್ದಳು. ಮೇಸ್ತ್ರಿ ಒಳಗೆ ಕಾಲಿಟ್ಟ ಕೂಡಲೇ ಅವನ ಕಣ್ಣು, ಅಭ್ಯಾಸ ಬಲದಿಂದ, ಬಾಗಿಲ ಬುಡದ ಪಟ್ಟಿಯ ಜೋಡಣೆ ನೋಡಿತು. ಆಮೇಲೆ ಮಗಳ ಮುಖ ನೋಡಿತು. ಈ ಕ್ರಮವನ್ನು ಅವನು ಯಾರಿಗೂ ಹೇಳಲಿಲ್ಲ, ತಾನೂ ಮರೆಯಲಿಲ್ಲ.

ಆರು ತಿಂಗಳಾದ ಮೇಲೆ ಅಳಿಯ ಫೋನ್ ಮಾಡಿದ. "ಮಾವ, ಆ ಕೋಣೆ ನೆಲ ಎದ್ದಿದೆ. ಮಂಚ ಇತ್ತಲ್ಲ, ಅಲ್ಲೇ. ಕಾಲಿಗೆ ಎಡವುತ್ತೆ. ಎಲ್ಲ ಕಿತ್ತು ಹೊಸದು ಹಾಕಿಬಿಡೋಣ ಅಂತ. ನೀವೇ ಬಂದು ಹಾಕಿಕೊಡ್ತೀರಾ?"

"ಎದ್ದಿದೆಯಾ?" ಅಂದ ಮೇಸ್ತ್ರಿ.

ಅವನಿಗೆ ಈಗ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ: ಆ ನೆಲ ಕೆಟ್ಟದಾಗಿ ಹಾಸಿದ್ದಾಗಿರಬೇಕು. ಸಂದು ಬಿಡದೆ ಹಾಸಿರಬೇಕು, ಜೋಡಣೆ ಸಡಿಲ ಇರಬೇಕು, ಯಾವನೋ ಅರೆಬರೆ ಕಲಿತವನು ಕೈಗೆ ಬಂದ ಹಾಗೆ ಮಾಡಿರಬೇಕು. ಹಾಗಿದ್ದರೆ ಅವನು ನಾಲ್ಕು ವರ್ಷ ಎದುರು ಅಂಗಡಿಯ ಮುಂದೆ ನಿಂತದ್ದಕ್ಕೂ ಹತ್ತೊಂಬತ್ತು ದಿನ ಹೊರಗೆ ಕೂತದ್ದಕ್ಕೂ ಒಂದು ಕಾರಣ ಸಿಗುತ್ತಿತ್ತು. ಹಾಗಿಲ್ಲದಿದ್ದರೆ ಕಾರಣವೇ ಇರಲಿಲ್ಲ. ಅದರೊಂದಿಗೆ ಉಳಿದ ಆಯಸ್ಸು ಕಳೆಯುವುದು ಹೇಗೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಟ. ಹೆಂಡತಿಯೂ ಜೊತೆಗೆ ಬಂದಳು. ಕಬ್ಬಿಣದ ಕುರ್ಚಿ ಇನ್ನೂ ಮೆಟ್ಟಿಲ ಬದಿಯಲ್ಲೇ ಇತ್ತು. ಅದನ್ನು ನೋಡದೆ ದಾಟಿ, ಚಪ್ಪಲಿ ಬಿಚ್ಚಿ, ಒಳಗೆ ಹೋದ.

ಮಂಚ ತೆಗೆದಿದ್ದರು. ಅದು ಇದ್ದ ಕಡೆ ಎರಡು ಹಲಗೆಗಳು ಸೇರುವಲ್ಲಿ ನೆಲ ಮಡಚಿದ ಕಾಗದದಂತೆ ಮೇಲೆದ್ದಿತ್ತು. ಮೇಸ್ತ್ರಿ ಮಂಡಿಯೂರಿ ಕೈಯಾಡಿಸಿದ. ಅಂಚುಗಳು ಊದಿದ್ದವು.

"ಬೇಸಿನ್ ಅಲ್ಲೇ ಇಟ್ಕೊಳ್ತಿದ್ವಿ," ಅಂದ ಅಳಿಯ. "ಮೈ ಒರೆಸೋಕೆ. ಹನಿ ಬಿದ್ರೆ ಆಗಲೇ ಒರೆಸು ಅಂತ ಅವಳು ಮಲಗಿದಲ್ಲಿಂದಲೇ ಹೇಳ್ತಿದ್ಲು. ಕೊನೆಕೊನೆಗೆ ನನಗೆ ಅದೆಲ್ಲ ನೋಡೋ ಹಾಗಿರಲಿಲ್ಲ ಮಾವ."

"ನೀರು ಅಂಚು ಉಬ್ಬಿಸುತ್ತೆ," ಅಂದ ಮೇಸ್ತ್ರಿ. "ಹೀಗೆ ಎತ್ತಿ ನಿಲ್ಲಿಸಲ್ಲ. ಇದು ಹಾಸಿದವನ ತಪ್ಪು. ಸಂದು ಬಿಟ್ಟಿಲ್ಲ."

ದನಿಯಲ್ಲಿ ಆತುರವಿತ್ತು. ಹೆಂಡತಿ ಅವನ ಮುಖ ನೋಡಿ ಅಡುಗೆಮನೆಗೆ ಹೋದಳು.

ಬಾಗಿಲ ಕಡೆಯ ಗೋಡೆಯಿಂದ ಶುರು ಮಾಡಿದ. ಗೋಡೆಯ ಪಟ್ಟಿಯನ್ನು ಉಳಿಯಿಂದ ಮೆಲ್ಲಗೆ ಮೀಟಿ ತೆಗೆದ. ಅಳತೆಪಟ್ಟಿ ಇಟ್ಟು ನೋಡಿದ. ಹತ್ತು ಮಿಲಿಮೀಟರ್. ಒಂದು ಅಡಿ ಆಚೆ ಇಟ್ಟ. ಹತ್ತು. ಮೂಲೆಯಲ್ಲಿ ಇಟ್ಟ. ಹತ್ತು.

ಕಿಟಕಿಯ ಗೋಡೆಗೆ ಹೋದ. ಅಲ್ಲಿಯೂ ಹತ್ತು. ಬಾಗಿಲ ಚೌಕಟ್ಟಿನ ಬುಡವನ್ನು ಗರಗಸದಿಂದ ಕೊಯ್ದು ಹಲಗೆಯನ್ನು ಅದರಡಿಗೆ ಸರಿಸಿದ್ದರು. ಸೋಮಾರಿಗಳಂತೆ ಸುತ್ತ ಕತ್ತರಿಸಿ ಸಂದಿಗೆ ಅಂಟು ತುಂಬಿರಲಿಲ್ಲ. ಸಾಲುಗಳ ಜೋಡಣೆ ಒಂದರ ಪಕ್ಕ ಒಂದು ಬಾರದಂತೆ ಮೊಳದಷ್ಟು ಹಿಂದೆಮುಂದೆ ಇತ್ತು. ಒಂದೇ ಚಿತ್ರದ ಹಲಗೆಗಳು ಅಕ್ಕಪಕ್ಕ ಬಂದಿರಲಿಲ್ಲ. ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಬಿಚ್ಚಿ ಬೆರೆಸಿ ಹಾಸಿದವರಿಗೆ ಮಾತ್ರ ಹಾಗೆ ಬರುತ್ತದೆ. ಯಾವ ಮೇಸ್ತ್ರಿಯೂ ಯಾರೂ ಹೇಳದೆ ಅಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ.

"ಯಾರು ಹಾಕಿದ್ದು ಇದನ್ನ?" ಅಂದ.

"ಯಾರೋ ಒಬ್ಬರು. ಪಾಪ, ಓಡಿ ಹೋಗೋದೊಂದು ಬಾಕಿ," ಅಳಿಯ ಗೋಡೆಗೆ ಒರಗಿ ಕೂತ. "ಪೆಟ್ಟಿಗೆ ತಂದ ದಿನವೇ ಹಾಕ್ತೀನಿ ಅಂದ್ರು. ಇವಳು ಬಿಡಲಿಲ್ಲ. ಎರಡು ದಿನ ಮಲಗಬೇಕು ಅಂದ್ಲು. ನಾವಿಬ್ರೂ ಎರಡು ದಿನ ಪೆಟ್ಟಿಗೆಗಳ ಸಂದೀಲೇ ಮಲಗಿದ್ವಿ. ಆಮೇಲೆ ಅವರ ಹಿಂದೆ ಹಿಂದೆ ಮಂಡಿ ಮೇಲೆ ಹರಿದಾಡ್ಕೊಂಡು ಅಳೆದ್ಲು. ಒಂದು ಸಾಲು ಕೀಳಿಸಿ ಮತ್ತೆ ಹಾಕಿಸಿದ್ಲು. ಅವರು ಕೊನೆಗೆ ಕೈ ಮುಗಿದು, ಅಮ್ಮಾ ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದ್ರು."

ಮೇಸ್ತ್ರಿ ಅಳತೆಪಟ್ಟಿಯನ್ನು ಮತ್ತೊಮ್ಮೆ ಸಂದಿಗೆ ಇಟ್ಟು ನೋಡಿದ.

"ಅಳತೆಗೆ ನಿಮ್ಮದೇ ಒಂದು ಬೆಣೆ ಇಟ್ಕೊಂಡಿದ್ಲು ಮಾವ. ನಿಮ್ಮ ಚೀಲದಿಂದ ತಂದದ್ದು. ಇಷ್ಟು ಸಂದು ಇರಬೇಕು, ಇದು ಸಲೀಸಾಗಿ ಇಳೀಬೇಕು ಅಂತ ಪ್ರತಿಯೊಂದು ಕಡೆ ಇಳಿಸಿ ನೋಡೋಳು. ಎಲ್ಲ ಮುಗಿದ ಮೇಲೆ ನೋಡಿದ್ರೆ ಅದು ಕಾಣಲಿಲ್ಲ. ಎಷ್ಟು ಹುಡುಕಿದ್ಲು! ಅಪ್ಪಂಗೆ ವಾಪಸ್ ಕೊಡಬೇಕು, ಎಣಿಸ್ತಾ ಇರ್ತಾರೆ ಅಂತ."

ಕಿಟಕಿಯಿಂದ ಬೆಳಕು ಬರುತ್ತಿತ್ತು. ಬೆಳಕು ಎಂದರೆ ಎದುರಿನ ಕಟ್ಟಡದ ಗೋಡೆಗೆ ಬಿದ್ದು ಉಳಿದದ್ದು. ಆ ಅಷ್ಟನ್ನೂ ಬಿಳಿ ನೆಲ ಹಿಡಿದುಕೊಂಡು ಕೋಣೆಯ ಮೂಲೆ ಮೂಲೆಗೂ ಹಂಚಿತ್ತು. ತಾನು ಬದಿಗಿಟ್ಟ ಕಡು ಕಂದು ಹಲಗೆಯನ್ನು ಮೇಸ್ತ್ರಿ ಇಲ್ಲಿ ಹಾಸಿ ನೋಡಿದ, ಮನಸ್ಸಿನಲ್ಲೇ. ಬಾವಿಯಾಗುತ್ತಿತ್ತು. ಮಗಳು ಕೊನೆಯ ದಿನಗಳನ್ನು ಬಾವಿಯಲ್ಲಿ ಮಲಗಿ ಕಳೆಯುತ್ತಿದ್ದಳು.

ಉಳಿದದ್ದು ಮಂಚದ ತಲೆಗಡೆಯ ಗೋಡೆ. "ಕುಡಿಯೋಕೆ ನೀರು ತರ್ತೀನಿ," ಎಂದು ಅಳಿಯ ಎದ್ದು ಹೋದ. ಮೇಸ್ತ್ರಿ ಪಟ್ಟಿ ಮೀಟಿದ. ಸಂದಿನ ತುಂಬ ಗಾರೆಯ ಪುಡಿ. ಅಳತೆಪಟ್ಟಿ ಇಟ್ಟ. ಹತ್ತು. ಪುಡಿಯನ್ನು ಕುಂಚದಿಂದ ಗುಡಿಸುತ್ತ ಹೋದ ಹಾಗೆ, ಎದ್ದ ಹಲಗೆಯ ನೇರಕ್ಕೆ, ಕುಂಚ ಏನಕ್ಕೋ ತಡೆಯಿತು. ಬೆರಳಿನಿಂದ ಕೆದಕಿದ. ಪುಡಿಯೊಳಗಿಂದ ಕಡಲೆಕಾಳಿನಷ್ಟು ಕೆಂಪು ಕಂಡಿತು.

ಬೆಣೆ ಅಡ್ಡಬಿದ್ದು ಗೋಡೆಗೂ ಹಲಗೆಗೂ ನಡುವೆ ಕಚ್ಚಿಕೊಂಡಿತ್ತು. ಎದುರು ಗೋಡೆಗೆ ಇಟ್ಟ ಭಾರದ ಬೀರು ಆ ತುದಿಯನ್ನು ಅದುಮಿ ಹಿಡಿದಿತ್ತು. ತೇವಕ್ಕೆ ಹಿಗ್ಗಿದ ನೆಲ ಆ ಕಡೆ ಸರಿಯಲಾರದೆ, ಈ ಕಡೆ ಬೆಣೆಗೆ ಮುಟ್ಟಿ, ನಡುವೆ ಎದ್ದಿತ್ತು. ಅಷ್ಟೇ. ಐದು ವರ್ಷ ಹುಡುಕಿದ ತಪ್ಪು ಸಿಕ್ಕಿತ್ತು. ಮನೆಯಿಡೀ ಹುಡುಕಿದರೆ ಅದೊಂದೇ ತಪ್ಪು. ಅದನ್ನು ಕೆತ್ತಿದ್ದು ಅವನು, ಅದಕ್ಕೆ ಬಣ್ಣ ಹಚ್ಚಿದ್ದು ಅವಳು, ಅದು ಇಲ್ಲಿ ಬಿದ್ದದ್ದು ಅವನು ಬಾರದೇ ಹೋದದ್ದಕ್ಕೆ. ಅವನೇ ಬಂದು ಹಾಸಿದ್ದರೆ ಇಪ್ಪತ್ನಾಲ್ಕನ್ನೂ ಎಣಿಸಿಕೊಂಡು ಹೋಗುತ್ತಿದ್ದ.

ಇಕ್ಕಳದಿಂದ ಎಳೆದು ತೆಗೆದ. ನೆಲ ಒಮ್ಮೆ ಲಟಕ್ಕೆಂದಿತು. ಎದ್ದದ್ದು ಒಂದಿಷ್ಟು ಕೆಳಗಿಳಿಯಿತು.

ಅಳಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಸಿಕ್ತಾ ಮಾವ? ಏನು ತಪ್ಪು ಮಾಡಿದ್ದಾರೆ?"

ಹಿಂದೆ ಹೆಂಡತಿಯೂ ಬಂದು ನಿಂತಿದ್ದಳು. ಈ ಪ್ರಶ್ನೆಗೆ ಹೇಳಬೇಕಾದ ಉತ್ತರವನ್ನು ಮೇಸ್ತ್ರಿ ಐದು ವರ್ಷದಿಂದ ನಾಲಿಗೆಯ ಮೇಲೇ ಇಟ್ಟುಕೊಂಡಿದ್ದ. ಮುಚ್ಚಿದ ಮುಷ್ಟಿಯನ್ನು ಅಂಗಿಯ ಜೇಬಿಗೆ ಇಳಿಸಿದ.

"ತಪ್ಪೇನಿಲ್ಲ," ಅಂದ. "ಚೆನ್ನಾಗಿ ಹಾಕಿಸಿದಾಳೆ. ನೀರು ಬಿದ್ದಿದೆ, ಅಷ್ಟೇ. ಹೊಸ ನೆಲ ಬೇಡ. ಎರಡು ಹಲಗೆ ಬದಲಾಯಿಸಿದ್ರೆ ಸಾಕು. ಆದರೆ ಇದೇ ಬಣ್ಣ ಈಗ ಎಲ್ಲಿ ಸಿಗುತ್ತೆ?"

"ಅಟ್ಟದ ಮೇಲೆ ಒಂದು ಪೆಟ್ಟಿಗೆ ಇದೆ," ಅಂದ ಅಳಿಯ. "ಒಂದು ಪೆಟ್ಟಿಗೆ ಜಾಸ್ತಿ ತಗೊಂಡು ಎತ್ತಿಡಬೇಕು ಅಂತ ಅವಳೇ ಇಡಿಸಿದ್ದು."

ಪೆಟ್ಟಿಗೆ ಅಡ್ಡ ಮಲಗಿತ್ತು, ಗೋಡೆಗೆ ಒರಗಿರಲಿಲ್ಲ. ಚೀಟಿ ಹೊರಗೆ ಕಾಣುವ ಹಾಗಿತ್ತು. ಮೇಸ್ತ್ರಿ ಅದನ್ನು ಮಗುವನ್ನು ಇಳಿಸಿಕೊಳ್ಳುವಂತೆ ಎರಡು ಕೈಯಲ್ಲಿ ಇಳಿಸಿಕೊಂಡ.

ಗೋಡೆಯ ಕಡೆಯಿಂದ ಮೂರು ಸಾಲು ಬಿಚ್ಚಿದ. ಬಿಚ್ಚಿದ ಹಲಗೆಗಳ ಬೆನ್ನಿಗೆ ಸೀಸದಕಡ್ಡಿಯಿಂದ ಒಂದು, ಎರಡು, ಮೂರು ಎಂದು ಬರೆದ, ಹಿಂದಿನ ಕ್ರಮ ತಪ್ಪಬಾರದೆಂದು. ಊದಿದ ಎರಡನ್ನು ತೆಗೆದು ಅಟ್ಟದ ಪೆಟ್ಟಿಗೆಯ ಎರಡನ್ನು ಹೊಂದಿಸಿದ, ಉಳಿದವನ್ನು ಅವುಗಳ ಜಾಗಕ್ಕೇ ಕೂಡಿಸಿದ. ಹೊಸದನ್ನು ಚೀಲದಲ್ಲೇ ಬಿಟ್ಟು, ಹಳೆಯ ಇಪ್ಪತ್ಮೂರು ಬೆಣೆಗಳ ಜೊತೆ ಜೇಬಿನದನ್ನೂ ಇಟ್ಟ. ಮುಗಿದ ಮೇಲೆ ಎಣಿಸಿ ತೆಗೆದ. ಪಟ್ಟಿಗಳನ್ನು ಮತ್ತೆ ಹೊಡೆದ. ಹಿಂಡಿದ ಬಟ್ಟೆಯಿಂದ ಒರೆಸಿದ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕೈಯಾಡಿಸಿದರೂ ಎಲ್ಲಿ ಎದ್ದಿತ್ತೆಂದು ತಿಳಿಯುತ್ತಿರಲಿಲ್ಲ.

"ಹೊರಡೋಣ್ವಾ ರೀ?" ಅಂದಳು ಹೆಂಡತಿ.

ಚೀಲ ಹೆಗಲಿಗೆ ಹಾಕಿ ಹೊರಗೆ ಬಂದ. ಚಪ್ಪಲಿ ಮೆಟ್ಟಲೆಂದು ಕುರ್ಚಿಯ ಬೆನ್ನಿಗೆ ಕೈಯಿಟ್ಟ. ಕುರ್ಚಿ ಜರುಗಿತು. ಕಬ್ಬಿಣ ಸಿಮೆಂಟಿನ ಮೇಲೆ ಜರುಗಿದರೆ ಕಿರ್ರೆನ್ನಬೇಕು, ಇದು ಅನ್ನಲಿಲ್ಲ. ಮೇಸ್ತ್ರಿ ಚೀಲ ಇಳಿಸಿ ಕುರ್ಚಿಯನ್ನು ತಲೆಕೆಳಗು ಮಾಡಿದ.

ನಾಲ್ಕು ಕಾಲಿಗೂ ಉಣ್ಣೆಬಟ್ಟೆಯ ಬಿಲ್ಲೆ. ಧೂಳಿಗೆ ಬೂದು ಬಣ್ಣಕ್ಕೆ ತಿರುಗಿದ್ದವು. ಕತ್ತರಿ ಅಲ್ಲಲ್ಲಿ ಓಲಾಡಿತ್ತು, ಆದರೂ ನಾಲ್ಕೂ ಬಿಲ್ಲೆಗಳು ಕಾಲಿನ ಅಂಚಿಗಿಂತ ಒಂದು ಕೂದಲೆಳೆ ಒಳಗೇ ಇದ್ದವು. ಒಂದೂ ಎದ್ದು ಬಂದಿರಲಿಲ್ಲ.

"ನೀವು ಮೊದಲ ದಿನ ಹೊರಗೆ ಕೂತು ಹೋದ್ರಲ್ಲ," ಅಂದ ಅಳಿಯ, ಬಾಗಿಲಲ್ಲಿ ನಿಂತು. "ಅವತ್ತು ಸಾಯಂಕಾಲ ಕುರ್ಚಿ ಒಳಗೆ ತರಿಸಿ ಅಂಟಿಸಿದ್ಲು. ಕೈ ನಡುಗ್ತಿತ್ತು, ನಾನು ಕತ್ತರಿಸ್ತೀನಿ ಅಂದ್ರೆ ಕೊಡಲಿಲ್ಲ. ಮೂರು ಸಲ ಕತ್ತರಿಸಿದ್ಲು. ಮತ್ತೆ ಹೊರಗೇ ಇಡು, ಅಪ್ಪನೇ ಎಳ್ಕೊಂಡು ಬರ್ತಾರೆ ಅಂದ್ಲು."

ಹೆಂಡತಿ ಗೋಡೆಯ ಕಡೆ ತಿರುಗಿಕೊಂಡಳು. ಮೇಸ್ತ್ರಿ ಒಂದು ಬಿಲ್ಲೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಆಮೇಲೆ ಕುರ್ಚಿಯನ್ನು ನೆಟ್ಟಗೆ ಮಾಡಿ, ಬೆನ್ನು ಹಿಡಿದು, ಹೊಸ್ತಿಲು ದಾಟಿಸಿ ಒಳಗಿಟ್ಟ.

ಅಲ್ಲಿಂದ ಅದನ್ನು ಎತ್ತಲಿಲ್ಲ. ಬಾಗಿಲಿಂದ ಮಂಚವಿದ್ದ ಜಾಗದವರೆಗೆ, ಆ ಏಳೆಂಟು ಹೆಜ್ಜೆಯನ್ನೂ, ಬಿಳಿ ನೆಲದ ಮೇಲೆ ಎಳೆದುಕೊಂಡೇ ಹೋದ. ಸದ್ದಾಗಲಿಲ್ಲ. ತಲೆಗಡೆಯ ಗೋಡೆಯ ಪಕ್ಕ ಅದನ್ನು ಹಾಕಿ ಕೂತ. ಗೆರೆ ಬಿದ್ದಿದೆಯೇ ಎಂದು ಹಿಂದಕ್ಕೆ ತಿರುಗಿ ನೋಡಲಿಲ್ಲ.